ತಲೆ ಮುಟ್ಟದೆ ಕಳಿಸಿದ ದಿನ

ತೆಪ್ಪಕಾಡು

ತೆಪ್ಪಕಾಡಿನ ಸೇತುವೆಯ ಹತ್ತಿರ ಬಸ್ಸು ನಿಂತಾಗ ನಾನು ಆನೆ ನೋಡಿದೆನೋ ಇಲ್ಲವೋ, ಈಗ ಖಚಿತವಿಲ್ಲ. ಗದಗಕ್ಕೆ ಮರಳಿದ ಮೇಲೆ ಎಲ್ಲರಿಗೂ ನೋಡಿದೆ ಎಂದೇ ಹೇಳಿದ್ದೇನೆ. ಹೊಳೆಯಲ್ಲಿ ಮಲಗಿದ್ದ ಆನೆ, ಅದರ ಬೆನ್ನು ಉಜ್ಜುತ್ತಿದ್ದ ಮಾವುತ, ಮಾವುತನ ಖಾಕಿ ಚಡ್ಡಿ, ಇಷ್ಟೂ ವಿವರ ಕೊಟ್ಟಿದ್ದೇನೆ. ಟಿಪ್ಪಣಿ ಪುಸ್ತಕ ತೆಗೆದರೆ ಆ ದಿನದ ಪುಟದಲ್ಲಿ ‘ಆನೆ ಲದ್ದಿ, ಎರಡು ಕಡೆ’ ಎಂದಷ್ಟೇ ಇದೆ. ಇತಿಹಾಸದ ಎಂ.ಎ. ತರಗತಿಯಲ್ಲಿ ನಮಗೆ ಎರಡು ವರ್ಷ ಕಲಿಸಿದ್ದು ಇದನ್ನೇ: ಕಣ್ಣಾರೆ ಕಂಡವನ ಮಾತನ್ನು ಮೊದಲು ಅನುಮಾನಿಸು. ಕಂಡವನು ನಾನೇ ಆದಾಗ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಹೆದರಿಕೆ. ನೀಲಗಿರಿಯ ಮಂಜೂರಿನಾಚೆಯ ಒಂದು ಹಟ್ಟಿಯಲ್ಲಿ, ಊರಿನವರೇ ಸೇರಿ ನಡೆಸುವ ಚಿಕ್ಕ ಶಾಲೆಯಲ್ಲಿ, ಎರಡು ತಿಂಗಳು ಲೆಕ್ಕ ಮತ್ತು ಇಂಗ್ಲಿಷ್ ಹೇಳಿಕೊಡಲು ಹೊರಟಿದ್ದೆ. ಅಲ್ಲಿನ ಟೀಚರೊಬ್ಬರು ಹೆರಿಗೆಗೆ ಹೋಗಿದ್ದರು. ನಾನು ಅದುವರೆಗೆ ಯಾರಿಗೂ ಏನೂ ಕಲಿಸಿದವನಲ್ಲ. ವಿಭಾಗದ ಸೆಮಿನಾರಿನಲ್ಲಿ ಹತ್ತು ನಿಮಿಷ ಮಾತಾಡಲು ನಿಂತರೂ ಹಾಳೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅವ್ವ ಫೋನಿನಲ್ಲಿ ಕೇಳಿದ್ದು ನ್ಯಾಯವಾದ ಪ್ರಶ್ನೆ.

“ಆ ಪರದೇಶಕ್ಕ ಯಾಕ ಹೊಂಟಿ? ಇಲ್ಲಿ ಸಾಲಿ ಇಲ್ಲೇನು?”

“ಪರದೇಶ ಅಲ್ಲಬೇ, ತಮಿಳುನಾಡು. ಗುಂಡ್ಲುಪೇಟಿ ದಾಟಿದ್ರ ಬಂತು.”

“ಮಾತು ತಿಳೀದ ಊರು ಅಂದಮ್ಯಾಲೆ ಪರದೇಶನ. ಹುಡುಗ್ರನ್ನ ಹುಷಾರಿಂದ ನೋಡ್ಕೊ. ಮಂದಿ ಮಕ್ಕಳು.”

ಮಾತಿನ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಅಲ್ಲಿಯವರ ಬಡಗ ಭಾಷೆ ಕನ್ನಡದ ತಂಗಿ ಎಂದು ಎಲ್ಲೋ ಓದಿಕೊಂಡಿದ್ದೆ. ತಂಗಿ ಅಣ್ಣನ ಜೊತೆ ಮಾತಾಡದೆ ಇರುತ್ತಾಳೆಯೇ ಎಂದುಕೊಂಡಿದ್ದೆ. ಗೂಡಲೂರಿನಲ್ಲಿ ಬಸ್ಸು ನಿಂತಾಗ ಚಹಾದಂಗಡಿಯವನು ಮಲಯಾಳದಲ್ಲಿ ಏನೋ ಕೇಳಿದ. ನಾನು ಕನ್ನಡದಲ್ಲಿ ಏನೋ ಹೇಳಿದೆ. ಅವನು ಸಕ್ಕರೆ ಇಲ್ಲದ ಕಪ್ಪು ಚಹಾ ಕೊಟ್ಟ. ಅದನ್ನು ಕುಡಿದು ಮುಗಿಸುವ ಅವಸರದಲ್ಲಿ, ಒಂದು ವಾರ ಕೂತು ಬರೆದಿದ್ದ ಪಾಠದ ಫೈಲನ್ನು ಅಂಗಡಿಯ ಬೆಂಚಿನ ಮೇಲೆ ಬಿಟ್ಟೆ. ಬಿಟ್ಟದ್ದು ಗೊತ್ತಾದದ್ದು ಊಟಿಯಲ್ಲಿ.

ಹಟ್ಟಿ

ಊಟಿಯಿಂದ ಮಂಜೂರಿಗೆ ಬಸ್ಸು, ಅಲ್ಲಿಂದ ಮತ್ತೊಂದು ಬಸ್ಸು. ಆ ಎರಡನೆಯದು ಪ್ರತಿ ತಿರುವಿನಲ್ಲೂ ಈಗ ಬಿದ್ದೆ, ಈಗ ಬಿದ್ದೆ ಎನ್ನುತ್ತ ಹತ್ತುತ್ತದೆ. ಪಕ್ಕದಲ್ಲಿ ಕೂತವರು ನಿದ್ದೆ ಮಾಡುತ್ತಿದ್ದರು. ನನ್ನೂರಿನ ನೆಲದಲ್ಲಿ ನಿಂತರೆ ನಾಳೆ ಬರುವ ಬಸ್ಸು ಇವತ್ತೇ ಕಾಣುತ್ತದೆ. ಅಷ್ಟು ಬಯಲು. ಇಲ್ಲಿ ಹತ್ತು ಹೆಜ್ಜೆ ಮುಂದೆ ನಡೆದವನು ತಿರುವಿನಾಚೆ ಹೋಗಿ ಇಲ್ಲವಾಗುತ್ತಾನೆ. ಇದನ್ನು ಅವತ್ತೇ ಸರಿಯಾಗಿ ಯೋಚಿಸಿದ್ದರೆ ಒಳ್ಳೆಯದಿತ್ತು.

ಹಟ್ಟಿಯೆಂದರೆ ಗುಡ್ಡದ ಹೆಗಲ ಮೇಲೆ ಸಾಲಾಗಿ ಕೂತ ಮನೆಗಳು. ಸುತ್ತ ಚಹಾ. ಚಹಾದ ಮೇಲ್ಗಡೆ, ಎರಡು ಗುಡ್ಡಗಳ ಸಂದಿಯಲ್ಲಿ, ಒತ್ತಾಗಿ ಬೆಳೆದ ಕಾಡಿನ ತುಂಡು. ಅದನ್ನು ಸೋಲೆ ಎನ್ನುತ್ತಾರೆ. ಸೋಲೆಯಿಂದಾಚೆ ಇನ್ನೊಂದಿಷ್ಟು ಮನೆಗಳಿವೆ, ಮೇಲಿನ ಹಟ್ಟಿ.

ಹೆಡ್‌ಮಾಸ್ಟರ್ ಬೋಜನ್ ಅವರು ಬಸ್ಸಿನ ಹತ್ತಿರವೇ ನಿಂತಿದ್ದರು. ಅರವತ್ತರ ಆಸುಪಾಸು, ತಲೆಗೆ ಮಫ್ಲರು, ಕೋಟಿನ ಜೇಬಿನಲ್ಲಿ ಸೀಮೆಸುಣ್ಣ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಓದಿದವರಾದ್ದರಿಂದ ಕನ್ನಡ ಬರುತ್ತಿತ್ತು.

“ಕೂ ತಿಂದಿಯಾ?” ಎಂದರು. “ಏನು ಸಾರ್?” ಎಂದೆ. “ಊಟ ಆಯ್ತಾ ಅಂತ, ತಮ್ಮ. ನಿಮ್ಮ ಕೂಳು ನಮ್ಮಲ್ಲಿ ಕೂ. ಇದು ಮೊದಲ ಪಾಠ. ಇನ್ನು ನೀ ಕಲಿಸಬಹುದು.”

ನನಗೆ ಕೆಳಗಿನ ಹಟ್ಟಿಯಲ್ಲಿ, ಹಾಲು ಅಳೆಯುವ ಶೆಡ್ಡಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಬಾಗಿಲ ಮುಂದೆ ಎರಡು ಕಲ್ಲು ಮೆಟ್ಟಿಲು. ಬೀಗದ ಕೈ ಕೊಡುತ್ತ ಬೋಜನ್ ಸಾರ್ ಇನ್ನೆರಡು ಬೀಗದ ಕೈಗಳನ್ನೂ ಕೊಟ್ಟರು. ಅವು ಶಾಲೆಯ ಅಡುಗೆಮನೆಯವು.

“ಇದು ಮಾತ್ರ ಮರೀಬೇಡ. ಹೋದ ತಿಂಗಳು ಕರಡಿ ಬಾಗಿಲು ಮುರಿದು ಎಣ್ಣೆ ಟಿನ್ನೆಲ್ಲ ಕುಡಿದು ಹೋಯ್ತು. ಈಗ ಕಬ್ಬಿಣದ ಬಾಗಿಲು ಹಾಕಿದೀವಿ. ಎರಡು ಬೀಗ. ಸಂಜೆ ಎರಡೂ ಹಾಕಬೇಕು.”

“ಕರಡಿ ಮತ್ತೆ ಬರುತ್ತಾ?”

“ಬರದೆ? ಒಳ್ಳೆ ಕಡಲೆ ಎಣ್ಣೆ.”

ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ ಎಂದು ಬರೆದುಕೊಂಡಿದ್ದೇನೆ. ಇದನ್ನು ನಂಬಬಹುದು.

ಮೊದಲ ದಿನ

ಒಂದರಿಂದ ಏಳನೇ ತರಗತಿಯವರೆಗೆ ಒಟ್ಟು ಇಪ್ಪತ್ತಮೂರು ಮಕ್ಕಳು, ಒಂದೇ ಕೋಣೆಯಲ್ಲಿ. ಎಲ್ಲರಿಗೂ ಒಂದೇ ಮರೂನು ಬಣ್ಣದ ಸ್ವೆಟರು. ಚಳಿಗೆ ಕಿವಿ ಮುಚ್ಚುವ ಟೊಪ್ಪಿ. ಟೊಪ್ಪಿಯೊಳಗಿಂದ ಇಷ್ಟಿಷ್ಟೇ ಮುಖ. ನಾನು ಹೆಸರುಗಳ ಪಟ್ಟಿ ಮಾಡಿ ಪಕ್ಕದಲ್ಲಿ ಗುರುತು ಬರೆದುಕೊಂಡೆ: ‘ಹಲ್ಲಿಲ್ಲ’, ‘ಕೆನ್ನೆ ಒಡೆದಿದೆ’, ‘ಮೂಗು’. ಎರಡನೇ ದಿನ ನೋಡಿದರೆ ಒಂಬತ್ತು ಮಕ್ಕಳಿಗೆ ಕೆನ್ನೆ ಒಡೆದಿತ್ತು.

ನಾನು ಒಳಗೆ ಕಾಲಿಡುತ್ತಲೇ ಮಕ್ಕಳೆಲ್ಲ ಎದ್ದು, ಒಬ್ಬೊಬ್ಬರಾಗಿ ಹತ್ತಿರ ಬಂದು, ಟೊಪ್ಪಿ ತೆಗೆದು, ತಲೆ ಬಾಗಿಸಿ ನಿಂತರು. ಕಾಲು ಮುಟ್ಟಲಿಲ್ಲ, ಕೈ ಮುಗಿಯಲಿಲ್ಲ. ಸುಮ್ಮನೆ ನೆತ್ತಿಯನ್ನು ನನ್ನ ಕಡೆ ಚಾಚಿ ನಿಂತರು. ನಾನು ಹಿಂದೆ ಸರಿದೆ. ಬೆನ್ನಿಗೆ ಕಪ್ಪುಹಲಗೆ ತಾಗಿ ಡಸ್ಟರು ಬಿತ್ತು. ಮಕ್ಕಳು ಬಾಗಿದ ತಲೆ ಎತ್ತದೆ ಕೆಳಗಿನಿಂದಲೇ ಡಸ್ಟರನ್ನು ನೋಡಿದರು.

“ಬೇಡ, ಬೇಡ. ಇದೆಲ್ಲ ಬೇಡ. ಕೂತ್ಕೊಳ್ಳಿ.”

ಯಾರೂ ಕೂರಲಿಲ್ಲ. ಬೋಜನ್ ಸಾರ್ ಪಕ್ಕದ ಕೋಣೆಯಿಂದ ಬಂದು ಒಂದೊಂದೇ ನೆತ್ತಿಯ ಮೇಲೆ ಬಲಗೈ ಇಟ್ಟು “ಒಳ್ಳಿತಾಗಲಿ” ಎನ್ನುತ್ತ ಹೋದರು. ಕೈ ಬಿದ್ದ ಕೂಡಲೇ ಮಗು ತಲೆ ಎತ್ತಿ ಜಾಗಕ್ಕೆ ಓಡುತ್ತಿತ್ತು, ಗುಂಡಿ ಒತ್ತಿದ ಹಾಗೆ.

ಆಮೇಲೆ ಅವರು ವಿವರಿಸಿದರು. ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸುತ್ತಾರೆ. ಹಿರಿಯರು ಮುಟ್ಟಿ ಹರಸಬೇಕು. ಮುಟ್ಟುವವರೆಗೆ ಅದು ಮುಗಿಯುವುದಿಲ್ಲ.

“ನನಗೆ ಇಪ್ಪತ್ತನಾಲ್ಕು, ಸಾರ್. ನಾನೆಂಥ ಹಿರಿಯ?”

“ಎರಡು ದಿನ ಮೊದಲು ಹುಟ್ಟಿದವನೂ ಹಿರಿಯನೇ, ತಮ್ಮ.”

ನನ್ನ ತಲೆಯಲ್ಲಿ ಆಗಲೇ ಒಂದು ಪ್ರಬಂಧ ತಯಾರಾಗಿತ್ತು. ಅಧಿಕಾರ, ವಿಧೇಯತೆ, ಬಾಗಿದ ದೇಹ. ನಮ್ಮ ಕಡೆ ಮಠದ ಅಂಗಳದಲ್ಲಿ ಅವ್ವ ನನ್ನ ಕತ್ತು ಹಿಡಿದು ಬಗ್ಗಿಸುತ್ತಿದ್ದದ್ದು ನೆನಪಾಯಿತು. ಮಕ್ಕಳನ್ನು ಬಗ್ಗಿಸುವ ಕೆಲಸಕ್ಕೆ ನಾನು ಇಷ್ಟು ದೂರ ಬಂದಿಲ್ಲ ಎಂದು ನಿರ್ಧರಿಸಿದೆ. ಮರುದಿನದಿಂದ ನನ್ನ ತರಗತಿಯಲ್ಲಿ ಬಾಗುವುದು ಬೇಡ, ಕೈ ಬೀಸಿ ‘ಗುಡ್ ಮಾರ್ನಿಂಗ್’ ಹೇಳಿದರೆ ಸಾಕು ಎಂದೆ. ಬೋಜನ್ ಸಾರ್ ಎದುರು ಹೇಳಲಿಲ್ಲ.

“ನಿನ್ನ ಕ್ಲಾಸು, ನಿನ್ನ ಇಷ್ಟ. ಗೇಟು ಮಾತ್ರ ನನ್ನದು,” ಎಂದರು.

ಹಾಗಾಗಿ ಸಂಜೆ ನಾಲ್ಕಕ್ಕೆ ಅವರೇ ಗೇಟಿನಲ್ಲಿ ನಿಲ್ಲುತ್ತಿದ್ದರು. ಒಬ್ಬೊಬ್ಬರೇ ತಲೆ ಬಾಗಿಸಿ, ಮುಟ್ಟಿಸಿಕೊಂಡು ಹೋಗುತ್ತಿದ್ದರು. ಅಲ್ಲಿಂದ ಮೂರು ದಾರಿ. ಕೆಳಗಿನ ಹಟ್ಟಿಗೊಂದು, ಚಹಾ ಫ್ಯಾಕ್ಟರಿಯ ರಸ್ತೆಗೊಂದು, ಸೋಲೆ ದಾಟಿ ಮೇಲಿನ ಹಟ್ಟಿಗೊಂದು. ನಾನು ದೂರ ನಿಂತು, ಮನಸ್ಸಿನಲ್ಲೇ ಪ್ರಬಂಧಕ್ಕೆ ಅಡಿಟಿಪ್ಪಣಿ ಸೇರಿಸುತ್ತಿದ್ದೆ.

ಎರಡನೇ ವಾರ

ಪಾಠ ಹೇಗೆ ನಡೆಯಿತು ಎಂದು ಕೇಳುವವರಿಗೆ: ಮೊದಲ ವಾರ ಅದ್ಭುತವಾಗಿ ನಡೆಯಿತು. ನಾನು ಕನ್ನಡದಲ್ಲಿ ಭಿನ್ನರಾಶಿ ವಿವರಿಸುತ್ತಿದ್ದೆ. “ಗೊತ್ತಾಯ್ತಾ?” ಎಂದರೆ ಇಪ್ಪತ್ತಮೂರು ಟೊಪ್ಪಿಗಳೂ ಒಟ್ಟಿಗೆ ಅಲ್ಲಾಡುತ್ತಿದ್ದವು. ಎರಡನೇ ವಾರ ಪರೀಕ್ಷೆ ಕೊಟ್ಟೆ. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಏಳನೇ ತರಗತಿಯ ರಮ್ಯಾ ಎಂಬ ಹುಡುಗಿ ಎದ್ದು ತಪ್ಪೊಪ್ಪಿಕೊಂಡಳು.

“ಸಾರ್, ನೀಂಗ ದೂರಂದ ಬಂದಿದಾರಿ. ಇಲ್ಲೆ ಎಂದ್ರೆ ಬೇಜಾರ್ ಆಗುದು.”

ನನಗೆ ಬೇಸರವಾಗಬಾರದೆಂದು ಒಂದು ವಾರ ತಲೆ ಆಡಿಸಿದ್ದರು. ನಮ್ಮೂರ ಹುಡುಗರಾಗಿದ್ದರೆ ಎರಡನೇ ನಿಮಿಷಕ್ಕೆ “ಸರ್ರೀ, ಏನೂ ತಿಳೀವಲ್ದ್ರೀ” ಎಂದು ಕೂಗುತ್ತಿದ್ದರು. ಅಂದಿನಿಂದ ಯಾವ ಮುಖ ನಿಜ ಹೇಳುತ್ತಿದೆ, ಯಾವುದು ಮರ್ಯಾದೆಗೆ ನಗುತ್ತಿದೆ ಎಂದು ಅಳೆಯುವುದರಲ್ಲೇ ದಿನ ಮುಗಿಯುತ್ತಿತ್ತು. ಭಿನ್ನರಾಶಿಗೆ ರೊಟ್ಟಿ ಬಿಟ್ಟು ಆಲೂಗಡ್ಡೆ ಹಿಡಿದೆ. ಸ್ವಲ್ಪ ಸುಧಾರಿಸಿತು. ಅವರಿಗೂ ನನ್ನ ಮೇಲೆ ಅನುಮಾನಗಳಿದ್ದವು.

“ಸಾರ್, ನಿಂಗ ಊರುಲಿ ಬೆಟ್ಟ ಇಲ್ಲೆಯಾ?”

“ಇದೆ, ದೂರದಲ್ಲಿ. ಊರೊಳಗೆ ಇಲ್ಲ.”

“ಅಗ ನೀರು ಏದ್ರೆಂದ ಬರುದು?”

ನಲ್ಲಿಯಿಂದ, ವಾರಕ್ಕೊಮ್ಮೆ ಎಂದರೆ ನಂಬಲಿಲ್ಲ.

ಒಂದನೇ ತರಗತಿಯಲ್ಲಿ ದರ್ಶಿನಿ ಎಂಬ ಮಗು ಆ ವರ್ಷವಷ್ಟೇ ಸೇರಿತ್ತು. ಆರು ವರ್ಷ ತುಂಬಿತ್ತೋ ಇಲ್ಲವೋ. ಮಾತು ಕಡಿಮೆ. ಮೇಲಿನ ಹಟ್ಟಿಯಿಂದ ಶಾಲೆಗೆ ಬರುತ್ತಿದ್ದವರು ಇಬ್ಬರೇ, ಈ ದರ್ಶಿನಿ ಮತ್ತು ಅವಳ ದೊಡ್ಡಪ್ಪನ ಮಗಳು ರಮ್ಯಾ. ರಮ್ಯಾ ಅವಳ ಕೈ ಹಿಡಿದು ಸೋಲೆ ದಾಟಿಸುತ್ತಿದ್ದಳು. ಸೋಲೆಯ ಆಚೆ ಬದಿಯ ಕಲ್ಲಿನ ಹತ್ತಿರ ಅವರ ಅಜ್ಜಿ ಬಂದು ನಿಲ್ಲುತ್ತಿದ್ದಳು. ಎಲ್ಲರೂ ಆಕೆಯನ್ನು ಮಾದಿ ಹೆತ್ತೆ ಎನ್ನುತ್ತಿದ್ದರು. ಹೆತ್ತೆ ಎಂದರೆ ಅಜ್ಜಿ. ತಲೆಗೆ ಬಿಳಿ ಬಟ್ಟೆ, ಬೆನ್ನಿಗೆ ಚಹಾ ಎಲೆಯ ಚೀಲ. ನನ್ನನ್ನು ಕಂಡಾಗಲೆಲ್ಲ ಒಂದು ಕ್ಷಣ ನಿಂತು ನೋಡಿ ಮುಂದೆ ಹೋಗುತ್ತಿದ್ದಳು. ಆಕೆ ಯಾಕೆ ನಿಲ್ಲುತ್ತಿದ್ದಳು ಎಂದು ನನಗೆ ಹೊಳೆದಿರಲಿಲ್ಲ. ನಾನು ತಲೆ ಬಾಗಿಸಬೇಕಿತ್ತು.

ಗುರುವಾರ, ನಾಲ್ಕು ಗಂಟೆ

ಆ ಗುರುವಾರ ಬೋಜನ್ ಸಾರ್ ಊಟಿಗೆ ಯಾವುದೋ ಸಭೆಗೆ ಹೋಗಿದ್ದರು. ರಮ್ಯಾಗೆ ಜ್ವರ, ಶಾಲೆಗೆ ಬಂದಿರಲಿಲ್ಲ. ಬೆಳಗ್ಗೆ ದರ್ಶಿನಿಯನ್ನು ಹೆತ್ತೆಯೇ ಕರೆತಂದು ಬಿಟ್ಟು ಹೋಗಿದ್ದಳು. ಸಂಜೆ ಕಲ್ಲಿನ ಹತ್ತಿರ ಕಾಯುತ್ತೇನೆ ಎಂದು ಹೇಳಿ ಹೋಗಿದ್ದಳು. ಇಷ್ಟೂ ನನಗೆ ಗೊತ್ತಿತ್ತು.

ಗೇಟು ಅವತ್ತು ನನ್ನದು. ಮಕ್ಕಳು ಅಭ್ಯಾಸದಂತೆ ಸಾಲಾಗಿ ನಿಂತು ತಲೆ ಬಾಗಿಸಿದರು. ನಾನು ನಕ್ಕು, “ಇಲ್ಲ, ಇಲ್ಲ. ಕೈ ಬೀಸಿ, ಓಡಿ” ಎಂದೆ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ದೊಡ್ಡ ಹುಡುಗನೊಬ್ಬ ಕೈ ಬೀಸಿದ. ಕೂಡಲೇ ಎಲ್ಲರೂ ಕೈ ಬೀಸುತ್ತ, ಕಿರುಚುತ್ತ, ಒಂದೇ ಸಲ ಗೇಟು ದಾಟಿದರು. ಮರೂನು ಸ್ವೆಟರುಗಳ ಒಂದು ಗೊಂಚಲು ಬಿಚ್ಚಿ ಮೂರು ಕಡೆ ಚೆಲ್ಲಿದ ಹಾಗೆ. ನನಗೆ ಖುಷಿಯಾಯಿತು. ನನ್ನ ಮೊದಲ ಯಶಸ್ಸು ಎಂದುಕೊಂಡೆ.

ಆದರೆ ಮನಸ್ಸು ಅಡುಗೆಮನೆಯ ಬೀಗದಲ್ಲಿತ್ತು. ಒಂದು ಬೀಗ ಸರಿಯಾಗಿ ಕೂರುತ್ತಿರಲಿಲ್ಲ. ಹಾಕಿದೆ, ಎಳೆದು ನೋಡಿದೆ. ಇನ್ನೊಂದು ಹಾಕಿದೆ, ಎಳೆದು ನೋಡಿದೆ. ಹತ್ತು ಹೆಜ್ಜೆ ನಡೆದು, ಹಾಕಿದೆನೋ ಇಲ್ಲವೋ ಎಂದು ಅನುಮಾನವಾಗಿ ಮರಳಿ ಬಂದು ಮತ್ತೆ ಎಳೆದೆ. ಎಣ್ಣೆಯ ಟಿನ್ನನ್ನು ಅಷ್ಟು ಜತನ ಮಾಡಿದ ಮೇಲೆ ಫ್ಯಾಕ್ಟರಿ ರಸ್ತೆಯ ಅಂಗಡಿಗೆ ಚಹಾ ಕುಡಿಯಲು ಹೋದೆ.

ಮುಕ್ಕಾಲು ಗಂಟೆ ಕಳೆದಿರಬಹುದು. ಮಂಜು ಇಳಿಯತೊಡಗಿತ್ತು. ಅಂಗಡಿಯ ಮುಂದೆ ಮಾದಿ ಹೆತ್ತೆ ಬಂದು ನಿಂತಳು. ಬೆನ್ನಿನ ಮೇಲೆ ಚೀಲವಿರಲಿಲ್ಲ.

“ನಂಗ ಕೂಸು ಏದಿ?”

ಅಂಗಡಿಯವನು ನನ್ನ ಕಡೆ ನೋಡಿದ. ಅದನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯವಿರಲಿಲ್ಲ.

“ಹೋದಳಲ್ಲ,” ಎಂದೆ. “ನಾಲ್ಕಕ್ಕೇ ಹೋದಳು. ಮೇಲಿನ ದಾರಿಯಲ್ಲಿ. ನಾನೇ ನೋಡಿದೆ.”

ನೋಡಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಚಹಾದ ನಡುವಿನ ಕಾಲುದಾರಿ, ಏರುತ್ತ ಚಿಕ್ಕದಾಗುವ ಮರೂನು ಸ್ವೆಟರು, ಬೆನ್ನಿನ ಮೇಲೆ ಕುಣಿಯುವ ಚೀಲ. ಹೆತ್ತೆ ಅದೇ ದಾರಿಯಲ್ಲಿ ಇಳಿದು ಬಂದಿದ್ದರೂ, ನಾನು ಅಷ್ಟು ಖಡಾಖಂಡಿತವಾಗಿ ಹೇಳಿದ್ದರಿಂದಲೇ, ಮಗು ನಡುವೆ ಎಲ್ಲೋ ದಾರಿ ತಪ್ಪಿದೆ ಎಂದು ಎಲ್ಲರೂ ಮೇಲಿನ ದಾರಿಗೆ ಓಡಿದರು.

ಸೋಲೆ

ಫ್ಯಾಕ್ಟರಿಯಿಂದ ಆರೇಳು ಜನ ಬಂದರು. ಇಬ್ಬರು ಖಾಲಿ ಡಬ್ಬ ಬಡಿಯುತ್ತ ಮುಂದೆ ನಡೆದರು. ಕಾಡೆಮ್ಮೆಗಳು ಸಂಜೆ ಚಹಾದೊಳಗೆ ಇಳಿಯುವ ಹೊತ್ತು. ಹಠಾತ್ತಾಗಿ ಎದುರಾದರೆ ಅವು ಮೇಲೆ ಬೀಳುತ್ತವೆ. ಹಿಂದಿನ ಸಂಜೆಯಷ್ಟೇ ಒಂದು ಹಿಂಡು ಆ ದಾರಿಯಲ್ಲಿ ಮಲಗಿತ್ತಂತೆ.

“ದರ್ಶಿನೀ! ಏ ಕೂಸೇ!”

ಮಂಜು ಕೂಗನ್ನು ತಿಂದುಬಿಡುತ್ತಿತ್ತು. ನಮ್ಮ ಬಯಲಿನಲ್ಲಿ ಕೂಗಿದರೆ ಅರ್ಧ ಮೈಲಿ ಹೋಗುತ್ತದೆ. ಇಲ್ಲಿ ನನ್ನ ಬಾಯಿಯ ಮುಂದೆಯೇ ಬಿದ್ದುಹೋಗುತ್ತಿತ್ತು. ಒಂದು ಕಡೆ ಪೊದೆ ಮುರಿದ ಸದ್ದಾಯಿತು. ಎಲ್ಲರೂ ನಿಂತೆವು. ಡಬ್ಬ ಬಡಿದರು. ಭಾರವಾದದ್ದೇನೋ ಬುಸುಗುಟ್ಟಿ ದೂರ ಸರಿಯಿತು.

ಅಂಗಡಿಯವನು ನನ್ನ ಪಕ್ಕ ನಡೆಯುತ್ತಿದ್ದ. ಅವನ ಮಗನೂ ನಮ್ಮ ಶಾಲೆಯವನೇ.

“ಸಾರ್, ಗೇಟುಲಿ ಎಷ್ಟು ತಲೆ ಮುಟ್ಟಿದಿ?” ಎಂದು ಕೇಳಿದ.

“ಏನು?”

“ಬೋಜನ್ ಸಾರ್ ದಿನಾ ಮುಟ್ಟಿ ಎಣಿಸುವದು. ಇಪ್ಪತ್ತಮೂರು. ಒಂದು ಕಮ್ಮಿ ಆದ್ರೆ ಗೇಟು ಬಿಡುದಿಲ್ಲೆ. ಕಣ್ಣು ಮರೆದರೂ ಕೈ ಮರೆಯುದಿಲ್ಲೆ ಎಂಬರು. ನೀ ಎಷ್ಟು ಮುಟ್ಟಿದಿ?”

ನಾನು ನಿಂತುಬಿಟ್ಟೆ.

ಎಷ್ಟೂ ಮುಟ್ಟಿರಲಿಲ್ಲ. ಎಣಿಸಿರಲಿಲ್ಲ. ಎರಡು ವಾರ ಅಷ್ಟು ದೂರದಲ್ಲಿ ನಿಂತು ನೋಡಿದ್ದೆ, ಅಡಿಟಿಪ್ಪಣಿ ಬರೆದಿದ್ದೆ. ಬೋಜನ್ ಸಾರ್ ತುಟಿ ಅಲ್ಲಾಡಿಸುತ್ತಿದ್ದದ್ದನ್ನೂ ನೋಡಿದ್ದೆ. ಹಾರೈಕೆಯ ಮಾತು ಎಂದುಕೊಂಡಿದ್ದೆ. ಅದು ಎಣಿಕೆ.

ಇಳಿದಿಳಿದು ಬರುವ ಮಂಜಿನಲ್ಲಿ ನಿಂತು ನನ್ನ ನೆನಪನ್ನು ಮತ್ತೆ ತೆಗೆದು ನೋಡಿದೆ. ಏರುವ ಕಾಲುದಾರಿ, ಮರೂನು ಸ್ವೆಟರು. ಅದರ ಪಕ್ಕದಲ್ಲಿ ಇನ್ನೊಂದು ಸ್ವೆಟರಿತ್ತು. ಒಂದು ಕೈ ಇನ್ನೊಂದು ಕೈಯನ್ನು ಹಿಡಿದಿತ್ತು. ಹಿಡಿದವಳು ರಮ್ಯಾ. ರಮ್ಯಾ ಅವತ್ತು ಬಂದಿರಲೇ ಇಲ್ಲ. ನಾನು ಹೆತ್ತೆಗೆ ಹೇಳಿದ್ದು ಬುಧವಾರದ ಸಂಜೆಯೋ, ಮಂಗಳವಾರದ್ದೋ. ಗುರುವಾರದ ಸಂಜೆಯಿಂದ ನನ್ನ ಬಳಿ ಇದ್ದದ್ದು ಎರಡು ಬೀಗ ಮಾತ್ರ.

ನನ್ನ ಮಾತು ನಂಬಿ ಏಳು ಜನ ತಪ್ಪು ದಾರಿಯಲ್ಲಿ ಅರ್ಧ ಗಂಟೆ ಹುಡುಕಿದ್ದರು.

“ನಾನು ನೋಡಿಲ್ಲ,” ಎಂದೆ. ಅಂಗಡಿಯವನಿಗೆ ಕೇಳಿಸಲಿಲ್ಲ. ಮತ್ತೆ ಜೋರಾಗಿ ಹೇಳಿದೆ. “ಅವಳು ಈ ದಾರಿಯಲ್ಲಿ ಬಂದದ್ದು ನಾನು ನೋಡಿಲ್ಲ.”

ಮುಂದೆ ನಡೆಯುತ್ತಿದ್ದ ಹೆತ್ತೆ ತಿರುಗಿದಳು. ಬೈಯುತ್ತಾಳೆ ಎಂದು ಕಾದೆ. ಆಕೆ ನನ್ನನ್ನು ನೋಡಲೇ ಇಲ್ಲ. ನನ್ನ ಹಿಂದಿನ ಇಳಿಜಾರು ನೋಡಿ, ಸರಸರ ಇಳಿಯತೊಡಗಿದಳು. ನಾಲ್ಕು ಜನ ಶಾಲೆಯ ಕಡೆ, ಇಬ್ಬರು ಫ್ಯಾಕ್ಟರಿಯ ಕಡೆ ಹೊರಟರು. ನನ್ನ ಕೋಣೆಯಲ್ಲಿ ಟಾರ್ಚ್ ಇದೆ ತರುತ್ತೇನೆ ಎಂದು ನಾನು ಕೆಳಗಿನ ಹಟ್ಟಿಗೆ ಓಡಿದೆ. ದಾರಿಯುದ್ದಕ್ಕೂ ಅವ್ವನ ಮಾತು ಕಿವಿಯಲ್ಲಿತ್ತು. ಮಂದಿ ಮಕ್ಕಳು.

ಎರಡು ಮೆಟ್ಟಿಲು

ಹಾಲಿನ ಶೆಡ್ಡು ಬಳಸಿ ಬಂದರೆ ನನ್ನ ಬಾಗಿಲ ಮುಂದಿನ ಮೇಲಿನ ಮೆಟ್ಟಿಲಿನ ಮೇಲೆ ಅವಳು ಕೂತಿದ್ದಳು. ಚೀಲ ಮಡಿಲಲ್ಲಿತ್ತು. ಟೊಪ್ಪಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ತಲೆಗೂದಲ ತುದಿಗಳಲ್ಲಿ ಮಂಜಿನ ಹನಿ.

ನನ್ನನ್ನು ಕಂಡು ಎದ್ದಳು. ಒಂದು ಮೆಟ್ಟಿಲು ಇಳಿದು, ತಲೆ ಬಾಗಿಸಿ ನಿಂತಳು.

ಆ ಕ್ಷಣ ನಾನು ಏನೇನು ಯೋಚಿಸಿದೆ ಎಂದು ಇಲ್ಲಿ ಚೆಂದವಾಗಿ ಬರೆಯಬಹುದು. ನಿಜವೆಂದರೆ ಏನೂ ಯೋಚಿಸಲಿಲ್ಲ. ಕೈ ಹೋಗಿ ಅವಳ ನೆತ್ತಿಯ ಮೇಲೆ ಕೂತಿತು. ತಣ್ಣಗಿತ್ತು, ಒದ್ದೆಯಾಗಿತ್ತು. “ಒಳ್ಳಿತಾಗಲಿ” ಎನ್ನುವುದನ್ನು ಮರೆತೆ. ಅವಳು ತಲೆ ಎತ್ತಿ, ಟೊಪ್ಪಿ ಹಾಕಿಕೊಂಡು, ಇನ್ನು ಹೊರಡಬಹುದು ಎಂಬಂತೆ ಚೀಲ ಏರಿಸಿಕೊಂಡಳು.

“ಇಲ್ಲಿ ಯಾಕೆ ಕೂತೆ? ಮನೆಗೆ ಯಾಕೆ ಹೋಗಲಿಲ್ಲ?”

“ನೀ ಅಪ್ಪುರ ಎಂದೆ,” ಎಂದಳು. ಅಪ್ಪುರ ಎಂದರೆ ಆಮೇಲೆ. ತಮಿಳಿನಿಂದ ಬಂದ ಮಾತು, ಹಟ್ಟಿಗೆ ಬಂದ ಮೇಲೆ ನಾನು ಕಲಿತ ಮೊದಲ ಐದು ಮಾತುಗಳಲ್ಲೊಂದು. ಮಕ್ಕಳ ಪ್ರಶ್ನೆಗೆ ಉತ್ತರ ತಿಳಿಯದಾಗಲೆಲ್ಲ ಬಳಸುತ್ತಿದ್ದೆ.

ಅವಳಿಂದ ತುಂಡು ತುಂಡಾಗಿ ತಿಳಿದದ್ದು ಇಷ್ಟು. ಎಲ್ಲರೂ ಓಡಿದ ಮೇಲೂ ಅವಳೊಬ್ಬಳು ಗೇಟಿನಲ್ಲಿ ತಲೆ ಬಾಗಿಸಿಯೇ ನಿಂತಿದ್ದಳು. ಒಬ್ಬಳೇ ಸೋಲೆ ದಾಟುವ ದಿನ ಹಿರಿಯರ ಕೈ ಬೀಳದೆ ಹೊರಡಬೇಡ ಎಂದು ಹೆತ್ತೆ ಬೆಳಗ್ಗೆ ಹೇಳಿದ್ದಳು. ನಾನು ಅಡುಗೆಮನೆಗೆ ಹೋದಾಗ ಹಿಂದೆಯೇ ಬಂದು ಅಲ್ಲಿಯೂ ತಲೆ ಬಾಗಿಸಿದ್ದಳು. ನಾನು ಬೀಗ ಎಳೆಯುತ್ತ, ತಿರುಗದೆ, “ಅಪ್ಪುರ, ಅಪ್ಪುರ” ಎಂದೆನಂತೆ. ಆಮೇಲೆ ಎಂದವನು ಎಲ್ಲಿ ಸಿಗುತ್ತಾನೆ? ಅವನ ಮನೆಯಲ್ಲಿ. ಅದಕ್ಕೇ ಬಂದು ಕೂತಳು.

ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಎಷ್ಟು ಸಲ ಹುಡುಕಿದರೂ ಬೀಗದ ತಣ್ಣನೆಯ ಕಬ್ಬಿಣ ಸಿಗುತ್ತದೆ, ಪಕ್ಕದಲ್ಲಿ ನಿಂತ ಮಗು ಸಿಗುವುದಿಲ್ಲ. ಆದರೂ ಇಬ್ಬರು ಸಾಕ್ಷಿಗಳಲ್ಲಿ ಯಾರನ್ನು ನಂಬಬೇಕು ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಅವಳ ಕೈ ಹಿಡಿದು ಶಾಲೆಯ ಕಡೆ ನಡೆದೆ. ಗೇಟಿನ ಹತ್ತಿರ ಹೆತ್ತೆ ಬಂದಿದ್ದಳು. ಮಗುವನ್ನು ಎಳೆದು ಅಪ್ಪಲಿಲ್ಲ, ಅಳಲಿಲ್ಲ. ಕೆನ್ನೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮಗು ಆಕೆಯ ಕಿವಿಯಲ್ಲಿ ಎಲ್ಲವನ್ನೂ ಹೇಳಿತು. ಹೆತ್ತೆ ಕೇಳುತ್ತ ನನ್ನನ್ನು ನೋಡುತ್ತಿದ್ದಳು.

ನನಗೆ ತಿಳಿದದ್ದು ಒಂದೇ. ಮುಂದೆ ಹೋಗಿ ಆಕೆಯ ಎದುರು ತಲೆ ಬಾಗಿಸಿದೆ. ಬುದ್ಧಿ ಬಂದ ಮೇಲೆ ಯಾರ ಎದುರಿಗೂ ಬಾಗಿಸದ ತಲೆ. ಕಣ್ಣಿಗೆ ಕಾಣುತ್ತಿದ್ದದ್ದು ಆಕೆಯ ಬರಿಗಾಲು, ಒದ್ದೆ ಹುಲ್ಲು. ಕಾದೆ. ಕೈ ಬೀಳಲಿಲ್ಲ.

“ಅಪ್ಪುರ,” ಎಂದಳು ಹೆತ್ತೆ. ಮಗುವನ್ನು ಬೆನ್ನಿಗೇರಿಸಿಕೊಂಡು ಹೋದಳು.

ಸುತ್ತ ನಿಂತವರಲ್ಲಿ ಯಾರೋ ನಕ್ಕರು. ನಾನು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ತಲೆಯನ್ನು ಯಾವಾಗ ಎತ್ತಬೇಕು ಎಂದು ಗೊತ್ತಿರಲಿಲ್ಲ.

ಶುಕ್ರವಾರ

ರಾತ್ರಿಯೇ ಬ್ಯಾಗು ಕಟ್ಟಿಟ್ಟಿದ್ದೆ. ಬೆಳಗ್ಗೆ ಬೋಜನ್ ಸಾರ್‌ಗೆ ಹೋಗುತ್ತೇನೆಂದೆ.

“ಹೋಗು,” ಎಂದರು. “ಸಂಜೆ ಗೇಟು ಮುಗಿಸಿ ಹೋಗು. ನನಗೆ ಇವತ್ತು ಸೊಂಟ ನೋವು.”

ಅವರ ಸೊಂಟಕ್ಕೆ ಏನೂ ಆಗಿರಲಿಲ್ಲ. ನಾಲ್ಕು ಗಂಟೆಗೆ ಗೇಟಿನಲ್ಲಿ ನಿಂತೆ. ಮಕ್ಕಳು ನನ್ನನ್ನೇ ನೋಡುತ್ತಿದ್ದರು: ಕೈ ಬೀಸಬೇಕೋ, ತಲೆ ಬಾಗಿಸಬೇಕೋ? ನಾನು ಬಲಗೈ ಎತ್ತಿ ಹಿಡಿದೆ. ಜ್ವರ ಬಿಟ್ಟ ರಮ್ಯಾ ಮೊದಲು ಬಂದಳು. ಒಂದು. ಎಣ್ಣೆ ಹಚ್ಚಿದ ತಲೆ, ಒರಟು ತಲೆ, ಹೊಗೆ ವಾಸನೆಯ ತಲೆ, ಹೇನು ಬಾಚಿದ ತಲೆ. ಎಂಟು, ಒಂಬತ್ತು. ಟೊಪ್ಪಿಯೊಳಗೆ ಒಂದೇ ಥರ ಕಾಣುವ ಮಕ್ಕಳು ಕೈಗೆ ಒಂದೇ ಥರ ಇರಲಿಲ್ಲ. ಕಡೆಯ ಮಗು ಗೇಟು ದಾಟಿತು.

“ಎಷ್ಟು?” ಎಂದರು ಬೆಂಚಿನ ಮೇಲೆ ಕೂತಿದ್ದ ಬೋಜನ್ ಸಾರ್.

“ಇಪ್ಪತ್ತನಾಲ್ಕು.”

“ಶಾಲೆಯಲ್ಲಿ ಇರುವದು ಇಪ್ಪತ್ತಮೂರು, ತಮ್ಮ.”

ತಪ್ಪಿದ್ದೆ. ಮತ್ತೆ ತಪ್ಪಿದ್ದೆ. ಓಡಿಹೋಗಿ ಎಲ್ಲರನ್ನೂ ಕರೆದು ತರಬೇಕು ಎಂದುಕೊಂಡೆ. ಅಂಗೈ ನೋಡಿಕೊಂಡೆ. ನಡುವೆ ಒಂದು ಸಣ್ಣ, ತಣ್ಣನೆಯ ನೆತ್ತಿ ಎರಡು ಸಲ ಬಂದು ಹೋಗಿತ್ತು. ಹತ್ತನೆಯದು ಒಮ್ಮೆ, ಹದಿನಾರನೆಯದು ಇನ್ನೊಮ್ಮೆ.

“ದರ್ಶಿನಿ ಎರಡು ಸಲ ನಿಂತಳು,” ಎಂದೆ.

“ಒಂದು ನಿನ್ನೆಯದು,” ಎಂದು ಬೋಜನ್ ಸಾರ್ ಎದ್ದು, ಸೊಂಟ ನೋವಿಲ್ಲದ ನಡಿಗೆಯಲ್ಲಿ ಅಡುಗೆಮನೆಗೆ ಬೀಗ ಹಾಕಲು ಹೋದರು. ನಾನು ಕೋಣೆಗೆ ಹೋಗಿ ಬ್ಯಾಗು ಬಿಚ್ಚಿದೆ.

ಬಸ್ಸು

ಎರಡು ತಿಂಗಳು ಮುಗಿಯುವವರೆಗೂ ಪ್ರತಿ ಸಂಜೆ ಎಣಿಸುತ್ತಿದ್ದೆ, ಪ್ರತಿ ಸಂಜೆ ಇಪ್ಪತ್ತೆರಡಕ್ಕೆ ನಿಂತುಬಿಡುತ್ತದೆ ಎಂದು ಹೆದರುತ್ತಿದ್ದೆ. ಮಾದಿ ಹೆತ್ತೆ ಎದುರಾದಾಗಲೆಲ್ಲ ತಲೆ ಬಾಗಿಸುತ್ತಿದ್ದೆ. ಆಕೆ ಕೂ ತಿಂದಿಯಾ ಎಂದು ಕೇಳುತ್ತಿದ್ದಳು, ಎರಡು ಸಲ ಮನೆಗೆ ಕರೆದು ಅವರೆಕಾಳಿನ ಸಾರು ಬಡಿಸಿದಳು. ಕೈ ಮಾತ್ರ ಇಡುತ್ತಿರಲಿಲ್ಲ. ಹಟ್ಟಿಯಲ್ಲಿ ಇದೊಂದು ತಮಾಷೆಯಾಗಿತ್ತು. “ಸಾರ್, ಅಪ್ಪುರ ಬಂದದಾ?” ಎಂದು ಅಂಗಡಿಯವನು ದಿನಾ ಕೇಳುತ್ತಿದ್ದ.

ಹೊರಡುವ ಬೆಳಗ್ಗೆ ಬ್ಯಾಗು ಹಿಡಿದು ರಸ್ತೆಗೆ ಬಂದೆ. ಮಕ್ಕಳು ಬಂದಿದ್ದರು, ಬೋಜನ್ ಸಾರ್ ಬಂದಿದ್ದರು. ಹೆತ್ತೆ ಇರಲಿಲ್ಲ. ಮೇಲಿನ ತೋಟದಲ್ಲಿ ಎಲೆ ಕೀಳುತ್ತಿದ್ದಾಳೆ ಎಂದಳು ರಮ್ಯಾ. ಬಿಳಿ ಬಟ್ಟೆಯ ಒಂದು ಚುಕ್ಕೆ ಕಾಣುತ್ತಿತ್ತು. ಬಸ್ಸು ಬಂತು. ಕಂಡಕ್ಟರ್ ಸೀಟಿ ಊದಿದ. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತೆ.

“ಏರಪ್ಪಾ, ಬರೀಯಾ ಇಲ್ಲೆಯಾ?” ಎಂದ ಕಂಡಕ್ಟರ್.

“ಅಪ್ಪುರ,” ಎಂದೆ.

ಬಸ್ಸು ಹೋಯಿತು. ಮುಂದಿನದು ಮಧ್ಯಾಹ್ನಕ್ಕೆ. ಬ್ಯಾಗನ್ನು ರಸ್ತೆಯ ಬದಿಗಿಟ್ಟು ಅದರ ಮೇಲೆ ಕೂತೆ. ಬೋಜನ್ ಸಾರ್ ಮಕ್ಕಳನ್ನು ಶಾಲೆಗೆ ಹೊರಡಿಸಿದರು. ಒಂದು ಗಂಟೆಯೋ, ಎರಡೋ. ಎಲೆ ಚೀಲ ತೂಕಕ್ಕೆ ಹಾಕಿ ಹೆತ್ತೆ ಇಳಿದು ಬಂದಳು. ನನ್ನನ್ನು ನೋಡಿ, ಖಾಲಿ ರಸ್ತೆ ನೋಡಿ, ಸೆರಗಿಗೆ ಕೈ ಒರೆಸಿಕೊಂಡಳು.

ಎದ್ದು, ಟೊಪ್ಪಿ ತೆಗೆದು, ತಲೆ ಬಾಗಿಸಿದೆ.

ಆಕೆಯ ಕೈ ಸಣ್ಣದು, ನಾನು ಎಣಿಸಿದ್ದಕ್ಕಿಂತ ಭಾರ. ಎಲೆಯ ಹಸಿ ವಾಸನೆ. ಏನೋ ಉದ್ದವಾಗಿ ಹೇಳಿದಳು. ಅರ್ಧದಷ್ಟೂ ತಿಳಿಯಲಿಲ್ಲ. ಕೊನೆಯಲ್ಲಿ “ಹೋಗಿ ಬಾ” ಎಂದದ್ದು ತಿಳಿಯಿತು. ಅವತ್ತು ಮಂಜಿತ್ತೋ, ಬಿಸಿಲಿತ್ತೋ, ಮಧ್ಯಾಹ್ನದ ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಕೂತಿದ್ದರೋ, ತೆಪ್ಪಕಾಡಿನಲ್ಲಿ ಆನೆ ಇತ್ತೋ ಇಲ್ಲವೋ, ಒಂದೂ ನೆನಪಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಪುಟ ಖಾಲಿ ಇದೆ. ಗುಂಡ್ಲುಪೇಟೆಯವರೆಗೂ ನಾನು ಆ ಟೊಪ್ಪಿಯನ್ನು ಮತ್ತೆ ಹಾಕಿಕೊಳ್ಳಲಿಲ್ಲ.